ಅದು ಪವಾಡವಲ್ಲ, ನಾಪತ್ತೆಯೂ ಅಲ್ಲ

ಸಂಪಾದಕರೇ,

ಹಿಮಾಚಲದ ಲಾಹೌಲ್‌ನ ಹಿಮದಲ್ಲಿ, ವಿಮಾನ ಬಿದ್ದ 56 ವರ್ಷಗಳ ಮೇಲೆ ಸಿಕ್ಕ ಯೋಧರ ದೇಹಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಎರಡು ಪದ ನನಗೆ ಸರಿಬರಲಿಲ್ಲ. ಒಂದು, ದೇಹ ಸಿಕ್ಕಿದ್ದನ್ನು ‘ಪವಾಡ’ ಎಂದದ್ದು; ಇನ್ನೊಂದು, ಆ ಯೋಧರನ್ನು ‘ನಾಪತ್ತೆ’ ಎಂದದ್ದು.

ನಾನು ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲಿನ ರಿಪೇರಿ ನೋಡುವವನು, ಆಗಿದ್ದವನು. ಜಾಲಹಳ್ಳಿಯಲ್ಲಿ ತರಬೇತಿ ಮುಗಿಸಿ 1972ರಲ್ಲಿ ಚಂಡೀಗಢಕ್ಕೆ ಹೋದೆ. ಅಲ್ಲಿ ಎಎನ್-12 ಸಾಗಣೆ ವಿಮಾನಗಳ ಕೆಲಸ. 1968ರ ಫೆಬ್ರುವರಿ 7ರಂದು ಚಂಡೀಗಢದಿಂದಲೇ 102 ಜನರನ್ನು ಹೊತ್ತು ಲೇಹ್‌ಗೆ ಹೊರಟಿದ್ದ ವಿಮಾನದ ಸುದ್ದಿಯನ್ನು ಹ್ಯಾಂಗರಿನ ಹಿರಿಯರು ಎತ್ತುತ್ತಿರಲಿಲ್ಲ. ಹೊಸಬರು ಕೇಳಿದರೆ ಚಹಾ ತರಲು ಕಳಿಸುತ್ತಿದ್ದರು. ಲೇಹ್ ಹತ್ತಿರ ಹವಾಮಾನ ಕೆಟ್ಟು ಪೈಲಟ್ ವಾಪಸ್ ತಿರುಗಿಸಿದ್ದರು, ರೋಹ್ತಾಂಗ್ ಪಾಸ್ ಬಳಿ ರೇಡಿಯೊ ನಿಂತಿತು. ಇಷ್ಟೇ ನಮಗೆ ಗೊತ್ತಾಗಿದ್ದು.

ಎಎನ್-12ರಲ್ಲಿ ಕಾಕ್‌ಪಿಟ್ಟು, ಅದರ ಹಿಂದಿನ ಸಣ್ಣ ಕೋಣೆ ಬಿಟ್ಟರೆ ಉಳಿದ ಹೊಟ್ಟೆಯೊಳಗೆ ಹೊರಗಿನಷ್ಟೇ ತೆಳು ಗಾಳಿ. ಜವಾನರು ಕೋಟಿನ ಮೇಲೆ ಕೋಟು ಹಾಕಿ, ಮೂಗಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿಕೊಂಡು, ಎಂಜಿನ್ ಸದ್ದಿಗೆ ಪಕ್ಕದವನ ಮಾತೂ ಕೇಳದೆ ಕೂರಬೇಕಿತ್ತು. ನಾನೇ ಎಷ್ಟೋ ಮಂದಿಗೆ ಬೆಲ್ಟ್ ಬಿಗಿದು ಕಳಿಸಿದ್ದೇನೆ. ಹಿಮವನ್ನೇ ಕಾಣದ ಒಬ್ಬ ತಮಿಳು ಹುಡುಗ, ಕಿಟಕಿ ಇರುವ ಕಡೆ ಕೂರಿಸಿ ಅಣ್ಣಾ ಎಂದಿದ್ದ. ಕೂರಿಸಿದೆ. ಅವನು ಕ್ಷೇಮವಾಗಿ ತಲುಪಿದ, ಬಿಡಿ.

ಇನ್ನು ಪವಾಡದ ಮಾತು. 2003ರಲ್ಲಿ ಪರ್ವತಾರೋಹಿಗಳಿಗೆ ಲಾಹೌಲ್‌ನ ಢಾಕಾ ಹಿಮನದಿಯಲ್ಲಿ ಆ ವಿಮಾನದ ಒಬ್ಬ ಸಿಪಾಯಿಯ ಗುರುತಿನ ಚೀಟಿ ಸಿಕ್ಕಾಗಲೇ ಜಾಗ ತಿಳಿಯಿತು. ಹಿಮನದಿ ಎಂದರೆ ನಿಧಾನಕ್ಕೆ ಹರಿಯುವ ನದಿಯೇ. ಮೇಲೆ ಹೂತದ್ದು ವರ್ಷಕ್ಕಿಷ್ಟು ಕೆಳಗೆ ಬರುತ್ತದೆ. ಸೇನೆ ಮತ್ತೆ ಮತ್ತೆ ಹತ್ತಿ ಹುಡುಕಿತು. 2024ರ ಸೆಪ್ಟೆಂಬರಿನಲ್ಲಿ ನಾಲ್ವರನ್ನು ಇಳಿಸಿ ತಂದವರು ಸೇನೆಯ ಡೋಗ್ರಾ ಸ್ಕೌಟ್ಸ್ ಪಡೆ ಮತ್ತು ತಿರಂಗಾ ಮೌಂಟನ್ ರೆಸ್ಕ್ಯೂ ತಂಡದವರು. ಅವರ ಹಗ್ಗ, ಗುದ್ದಲಿ, ಉಸಿರಿನ ಕೆಲಸವನ್ನು ದೇವರ ಲೆಕ್ಕಕ್ಕೆ ಹಾಕಬೇಡಿ.

‘ನಾಪತ್ತೆ’ ಅಂದರೆ ನಮ್ಮ ಹಳ್ಳಿ ಕಡೆ ಸಾಲ ಮಾಡಿ ಓಡಿಹೋದವನು ಎಂದೂ ಅರ್ಥ. ಆ ನಾಲ್ವರಲ್ಲಿ ಕೇರಳದ ಹುಡುಗನಿಗೆ ಅಂದು 22 ವರ್ಷ. ಅವನು ಎಲ್ಲಿಗೂ ಓಡಿಹೋಗಿರಲಿಲ್ಲ, ಡ್ಯೂಟಿಗೆ ಹೊರಟಿದ್ದ. ಅವನ ದೇಹ ಮನೆಗೆ ಬಂದಾಗ ಬರಮಾಡಿಕೊಂಡದ್ದು ಮುದುಕರಾಗಿದ್ದ ಒಡಹುಟ್ಟಿದವರು.

ಇದೆಲ್ಲ ಹಳೇ ಕಾಲದ ಕಥೆ ಅನ್ನಿಸಬಹುದು. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟು ಬಿದ್ದ ವಾಯುಪಡೆಯ ಎಎನ್-32 ಸಾಗಣೆ ವಿಮಾನದಲ್ಲಿ 13 ಜನರಿದ್ದರು. ಅವಶೇಷ ಕಣ್ಣಿಗೆ ಬೀಳಲು ಎಂಟು ದಿನ ಹಿಡಿಯಿತು. ಹುಡುಕಲು ಇಳಿದ ತಂಡವೇ ಮಳೆ ಮೋಡಕ್ಕೆ ಸಿಕ್ಕಿ ದಿನಗಟ್ಟಲೆ ಬೆಟ್ಟದಲ್ಲಿ ಉಳಿಯಿತು. ಆ ಬಗೆಯ ವಿಮಾನದ ಪೈಲಟ್‌ಗಳಿಗೆ ಇಲ್ಲೇ ನಮ್ಮ ಯಲಹಂಕದಲ್ಲಿ ತರಬೇತಿ. ತಾರಸಿಯಲ್ಲಿ ಬಟ್ಟೆ ಹರವುವಾಗ ಆ ಸದ್ದು ಕೇಳಿದರೆ ಈಗಲೂ ತಲೆ ಎತ್ತುತ್ತೇನೆ.

102 ಮಂದಿಯಲ್ಲಿ 2024ರವರೆಗೆ ಸಿಕ್ಕವರು ಹತ್ತು ಕೂಡ ಆಗಿರಲಿಲ್ಲ. ಢಾಕಾದಲ್ಲಿ ಹುಡುಕಲು ವರ್ಷಕ್ಕೆ ಸಿಗುವುದು ಕೆಲವೇ ವಾರ, ಆಮೇಲೆ ಹೊಸ ಹಿಮ ಮುಚ್ಚುತ್ತದೆ. ದೇಹ ಸಿಕ್ಕ ದಿನ ಪುಟಗಟ್ಟಲೆ ಬರೆಯುವ ಬದಲು ಪ್ರತಿ ಆಗಸ್ಟಿನಲ್ಲಿ ಒಂದು ಕಾಲಂ, ಈ ಸಲ ತಂಡ ಹೋಯಿತೇ ಎಂದು ಕೇಳಿ ಬರೆಯಿರಿ.

ಕೊನೆಗೆ, ನೀವು ಹಾಕಿದ ಚಿತ್ರ ಎಎನ್-12ರದ್ದಲ್ಲ. ಅದಕ್ಕೆ ನಾಲ್ಕು ಎಂಜಿನ್, ಚಿತ್ರದಲ್ಲಿರುವುದಕ್ಕೆ ಎರಡು.

– ವಾಯುಪಡೆಯ ನಿವೃತ್ತ ಫಿಟ್ಟರ್, ಯಲಹಂಕ ಉಪನಗರ, ಬೆಂಗಳೂರು