ಕೊನೇ ಸಾಲಿನಲ್ಲಿ ಕೂತಿದ್ದ ನಮ್ಮ ಮಾಮನಿಗೆ

ಕಳೆದ ಶನಿವಾರ ನೀವೆಲ್ಲ ಸೇರಿ ನನಗೆ ಶಾಲು ಹೊದಿಸಿದಿರಿ. 25 ವರ್ಷ ಮಕ್ಕಳ ಕೇಸುಗಳನ್ನು, ಜೈಲಿನಲ್ಲಿರುವ ಬಡವರ ಕೇಸುಗಳನ್ನು ಫೀಸಿಲ್ಲದೆ ನಡೆಸಿದೆ ಅಂತ ಒಬ್ಬೊಬ್ಬರೂ ಪ್ರೀತಿಯಿಂದ ಮಾತಾಡಿದಿರಿ. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ಎರಡು ಮಾತು ಹೇಳಿ ಕೂತುಬಿಟ್ಟೆ. ಅಲ್ಲಿ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೀನಿಯರ್‌ಗೆ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ಗೆಳೆಯರಿಗೆ, ಆರೋಪ ಹೊತ್ತ ಮಕ್ಕಳನ್ನು ಇಡುವ ವೀಕ್ಷಣಾಲಯದ ಸಿಬ್ಬಂದಿಗೆ, ಅವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಮಕ್ಕಳ ಮಾತನ್ನು ಪೂರ್ತಿ ಕೇಳಿಸಿಕೊಂಡ ಸದಸ್ಯರಿಗೆ, ರಜೆಯಲ್ಲೂ ಫೈಲಿನ ಜೊತೆ ಕೂತವಳನ್ನು ಸಹಿಸಿಕೊಂಡ ಗಂಡನಿಗೆ, ಮಗಳಿಗೆ ಮನಸ್ಸು ತುಂಬಿ ಧನ್ಯವಾದ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಉಳಿದದ್ದೆಲ್ಲ ಒಬ್ಬರಿಗೆ ಸೇರಬೇಕು. ಶನಿವಾರ ಅವರು ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿದ್ದರು. ಯಾರೂ ವೇದಿಕೆಗೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಅದು ನನ್ನ ತಪ್ಪು.

ಅವರು ನಮ್ಮ ಗುಮಾಸ್ತರು. ಆಫೀಸಿಗೆ ಬಂದ ಜೂನಿಯರ್‌ಗಳೆಲ್ಲ ಮಾಮ ಅಂತಲೇ ಕರೆದರು, ನಾನೂ ಹಾಗೇ ಕರೆಯುತ್ತೇನೆ. ಹೆಸರು ಹಾಕಬೇಡಿ ಮೇಡಂ ಅಂದಿದ್ದಾರೆ, ಹಾಕುವುದಿಲ್ಲ.

2010ರ ಆ ಹುಡುಗನ ಕೇಸು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಏನು ಆರೋಪ, ಏನಾಯಿತು ಅಂತ ಮತ್ತೆ ಬರೆಯುವುದಿಲ್ಲ. ಒಂದು ಸಂಜೆ ಅವನ ತಾಯಿ ಆಫೀಸಿಗೆ ಬಂದರು. ಪ್ಲಾಸ್ಟಿಕ್ ಕವರಿನಿಂದ ಮಡಚಿದ ಕಾಗದ ತೆಗೆದು, "ಟ್ರಂಕಿನಲ್ಲಿತ್ತು ಅಮ್ಮಾ, ಇದೇನಾದ್ರೂ ಬೇಕಾಗ್ತದಾ?" ಅಂದರು. ಶಾಲೆಯ ಟಿ.ಸಿ. ಜನ್ಮದಿನಾಂಕ ನೋಡಿ ಲೆಕ್ಕ ಹಾಕಿದೆ. ಘಟನೆಯ ದಿನ ಅವನಿಗೆ 16 ವರ್ಷ 3 ತಿಂಗಳು. ಪೊಲೀಸರು ಕೋರ್ಟಿಗೆ ಕೊಟ್ಟ ರಿಮಾಂಡ್ ಅರ್ಜಿಯಲ್ಲಿ 19 ಅಂತಿತ್ತು. 14 ತಿಂಗಳಿಂದ ಅವನು ದೊಡ್ಡವರ ಜೈಲಿನಲ್ಲಿದ್ದ.

ಅವನನ್ನು ಅಲ್ಲಿ ಒಂದು ರಾತ್ರಿಯೂ ಇಡುವಂತಿರಲಿಲ್ಲ. 2001ರ ಏಪ್ರಿಲ್ 1ರಂದು ಜಾರಿಗೆ ಬಂದ ಬಾಲ ನ್ಯಾಯ ಕಾಯ್ದೆ, ಗಂಡುಹುಡುಗರನ್ನು ಮಕ್ಕಳು ಅಂತ ಪರಿಗಣಿಸುವ ವಯಸ್ಸಿನ ಮಿತಿಯನ್ನು 16ರಿಂದ 18ಕ್ಕೆ ಏರಿಸಿತ್ತು. ಆ ಕಾಯ್ದೆಯ ಬಗ್ಗೆ ಕಾನೂನು ಅರಿವು ಶಿಬಿರಗಳಲ್ಲಿ ಮಾತಾಡಿದವಳು ನಾನು. ಅವನ ಜಾಮೀನಿಗೆ ಎರಡು ಸಲ ವಾದ ಮಾಡಿದವಳೂ ನಾನೇ. ಒಂದು ಸಲವೂ ಅವನ ವಯಸ್ಸು ಕೇಳಲಿಲ್ಲ. ಕಾಗದದ ಮೇಲಿದ್ದ 19 ನೋಡಿದೆ, ನಂಬಿದೆ.

ಜೈಲಿನಲ್ಲಿ ಅವನ ಮೇಲೆ ಏನು ನಡೆಯಿತು ಅನ್ನುವುದನ್ನು ಅವನು ಆಮೇಲೆ ಹೇಳಿದ. ಅದು ಅವನ ಮಾತು, ನಾನು ಬರೆಯಬಾರದು. ಆ ತಾಯಿ ಕೈಮುಗಿದು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಮುಗಿದದ್ದು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ವಕೀಲಿಕೆ ಬಿಡ್ತೀನಿ ಅಂದೆ ಅವತ್ತು. ಮಾಮ ಊರಿನ ಕೊನೇ ಬಸ್ಸು ಹಿಡಿಯಬೇಕಿತ್ತು. ಚೀಲ ಹೆಗಲಿಗೇರಿಸಿದ್ದವರು ಕೆಳಗಿಟ್ಟರು. "ಬಿಡೋದಾದ್ರೆ ನಾಳೆ ಬಿಡಿ ಮೇಡಂ. ಇನ್ನೂ ಯಾರ ಫೈಲಲ್ಲಿ ಹೀಗಾಗಿದೆ, ಮೊದಲು ಅದನ್ನ ನೋಡೋಣ," ಅಂದು ಬೀರು ತೆಗೆದರು.

ಅರವತ್ತಕ್ಕೂ ಜಾಸ್ತಿ ಫೈಲುಗಳು. ಮಾಮ ಓದಿದ್ದು ಏಳನೇ ಕ್ಲಾಸು. ಅವರು ಒಂದೊಂದು ಫೈಲಿನ ವಯಸ್ಸು ಓದಿ ಹೇಳುವುದು, ನಾನು ಬರೆದುಕೊಳ್ಳುವುದು. ನಡುವೆ ನಾನು ಅಳುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ, ಸುಮ್ನೆ ಕಾಯುತ್ತಿದ್ದರು. ನಾನು ಪೆನ್ನು ಹಿಡಿದ ಮೇಲೆ ಮುಂದಿನ ಫೈಲು. ಸುಮಾರು 18, ಸುಮಾರು 19, ಸುಮಾರು 20. ಒಂದು ಹೊತ್ತಿಗೆ ಕೇಳಿದರು: "ಈ ಸುಮಾರು ಅನ್ನೋದು ಎಲ್ಲಿಂದ ಬಂತು ಮೇಡಂ? ಹುಡುಗನ್ನ ನೋಡಿ ಬರೆದದ್ದಾ, ಕೇಳಿ ಬರೆದದ್ದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಹನ್ನೊಂದು ಫೈಲು ಬೇರೆ ಇಟ್ಟಿದ್ದೆವು. ಮನೆಗೂ ಹೋಗದೆ ಮಾಮ ಮೊದಲನೇ ಬಸ್ಸು ಹತ್ತಿದರು, ಆ ಹುಡುಗನ ಶಾಲೆಗೆ. ಟಿ.ಸಿ. ಒಂದೇ ಸಾಲದು, ದಾಖಲಾತಿ ರಿಜಿಸ್ಟರ್ ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಮುಂದಿನ ಕೆಲವು ವಾರ ಉಳಿದ ಹನ್ನೊಂದು ಊರುಗಳಿಗೂ ಹೋದರು. ಏಳು ಜನ ದೊಡ್ಡವರೇ ಆಗಿದ್ದರು. ನಾಲ್ವರು ಮಕ್ಕಳು.

ಈ ಕೆಲಸ ಮಾಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಸೋರುವ ಕೋಣೆಯಲ್ಲಿ ಗೆದ್ದಲು ಹಿಡಿದ ರಿಜಿಸ್ಟರ್. ಸಿಕ್ಕರೆ ಅದರಲ್ಲಿ ಸಾಲಾಗಿ ಎಲ್ಲರೂ ಜೂನ್ 1ರಂದು ಹುಟ್ಟಿದವರು. ಸರ್ಕಾರಿ ವಕೀಲರು ಅದನ್ನೇ ಹಿಡಿದು ಪ್ರಶ್ನೆ ಮಾಡುತ್ತಾರೆ. ಆಗ ಹೆಡ್‌ಮಾಸ್ತರರನ್ನು ರಿಜಿಸ್ಟರ್ ಸಮೇತ ಸಾಕ್ಷಿಗೆ ಕರೆತರಬೇಕು. ಕಾನೂನಿನಲ್ಲಿ ದಾಖಲೆಗೇ ಮೊದಲ ಜಾಗ. ಯಾವ ದಾಖಲೆಯೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಅದು ವಯಸ್ಸನ್ನು ಅಂದಾಜಾಗಿ ಹೇಳುತ್ತದೆ, ಒಂದೆರಡು ವರ್ಷ ಆಚೀಚೆ. 2016ರ ಜನವರಿಯಿಂದ ಹೊಸ ಕಾಯ್ದೆ ಬಂದ ಮೇಲೆ ಈ ಆಚೀಚೆ ಇನ್ನೂ ದುಬಾರಿಯಾಯಿತು. ಘೋರ ಅಪರಾಧದ ಆರೋಪವಿದ್ದು 16 ತುಂಬಿದ್ದರೆ, ಮಗುವನ್ನು ದೊಡ್ಡವರಂತೆ ವಿಚಾರಣೆಗೆ ಕಳಿಸುವ ದಾರಿ ತೆರೆದುಕೊಳ್ಳುತ್ತದೆ. ಒಂದು ತಿಂಗಳ ವ್ಯತ್ಯಾಸದಲ್ಲಿ ಒಂದು ಬದುಕೇ ಬದಲಾಗುತ್ತದೆ, ಅಲ್ವಾ?

ಆ ರಾತ್ರಿಯಿಂದ ನಾನು "ನಿನ್ನ ವಯಸ್ಸೆಷ್ಟು" ಅಂತ ಕೇಳುವುದನ್ನು ಬಿಟ್ಟೆ. ಮಾಮ ಕಲಿಸಿದಂತೆ ಕೇಳುತ್ತೇನೆ: ಮೊದಲು ಯಾವ ಶಾಲೆಗೆ ಹೋದೆ? ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಯಾರು? ತಮ್ಮ ವಯಸ್ಸು ಗೊತ್ತಿಲ್ಲದ ಮಕ್ಕಳೂ ಮೇಷ್ಟ್ರ ಹೆಸರು ಹೇಳುತ್ತಾರೆ. ಹೇಳುವಾಗ ಕೆಲವರ ಮುಖ ಅರಳುತ್ತದೆ.

ಇನ್ನೊಂದು ವಿಷಯ ಶನಿವಾರ ಯಾರೂ ಹೇಳಲಿಲ್ಲ. ಗುಮಾಸ್ತರ ಗಳಿಕೆಯಲ್ಲಿ ದೊಡ್ಡ ಪಾಲು ಕಕ್ಷಿದಾರರು ಕೇಸಿಗಿಷ್ಟು ಅಂತ ಕೊಡುವ ಹಣ. ನಾನು ಫೀಸು ಬೇಡ ಅಂದ ಪ್ರತಿ ಕೇಸಿನಲ್ಲೂ ಅವರಿಗೂ ಏನೂ ಸಿಗಲಿಲ್ಲ. ನಾನು ಆ ದಾರಿ ಆರಿಸಿಕೊಂಡವಳು. ಅವರನ್ನು ಯಾರೂ ಕೇಳಲಿಲ್ಲ. ಮೂರು ಮಕ್ಕಳನ್ನು ಓದಿಸುತ್ತಿದ್ದ ಮನುಷ್ಯ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಅದು ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಬರೆಯುವಾಗ ಕೈ ನಡುಗುತ್ತಿದೆ.

2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಬ್ಬರನ್ನು ಬಿಡುಗಡೆ ಮಾಡಿತು. ಗಲ್ಲು ಶಿಕ್ಷೆಯಾಗಿ, 28 ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದವರು. ಘಟನೆಯ ಹೊತ್ತಿಗೆ ಅವರಿಗೆ 12 ವರ್ಷ ಅನ್ನುವುದು ರಾಜಸ್ಥಾನದ ಶಾಲೆಯೊಂದರ ದಾಖಲಾತಿ ರಿಜಿಸ್ಟರ್‌ನಿಂದ ಗೊತ್ತಾಗಿತ್ತು. ತೀರ್ಪನ್ನು ಮಾಮನಿಗೆ ಕನ್ನಡದಲ್ಲಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: "ಆ ರಿಜಿಸ್ಟರ್ ಜೋಪಾನ ಮಾಡಿಟ್ಟವರು ಯಾರಂತೆ ಮೇಡಂ?"

ಮಾಮ, ಶನಿವಾರದ ಶಾಲು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ, ವಾಪಸ್ ಕೊಡಬೇಡಿ. ಇನ್ನೊಂದು ಮಾತು. ನಿನ್ನೆ ವೀಕ್ಷಣಾಲಯದಲ್ಲಿ ಹೊಸ ಹುಡುಗನೊಬ್ಬನನ್ನು ನೋಡಿ ಬಂದೆ. ಮೇಷ್ಟ್ರ ಹೆಸರು ಹೇಳಿದ್ದಾನೆ, ಶಾಲೆ ಮುಂದೆ ದೊಡ್ಡ ಆಲದ ಮರ ಇತ್ತಂತೆ, ಊರಿನ ಹೆಸರು ಅರ್ಧ ನೆನಪು. ಈ ಸಲ ನಾನೂ ನಿಮ್ಮ ಜೊತೆ ಬರುತ್ತೇನೆ. ಮೊದಲನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿ.