ತಾಂಗ್ ಪದ್ಯದಲ್ಲಿ ಪ್ರಾಸ ಎಲ್ಲಿ?

ಶಾಲೆಯಲ್ಲಿ ಮ್ಯಾಂಡರಿನ್ ಕಲಿಯುವ ಮಕ್ಕಳು ನಮ್ಮ ಸಂಘದ ಮನೆಗಳಲ್ಲಿ ಈಗ ಸಾಕಷ್ಟಿದ್ದಾರೆ. ಅವರು ತಾಂಗ್ ಕಾಲದ (ಚೀನಾದ ತಾಂಗ್ ರಾಜವಂಶ, 618–907) ಪದ್ಯ ಬಾಯಿಪಾಠ ಒಪ್ಪಿಸುವಾಗ ನಮ್ಮ ಕಿವಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಹುಡುಕುತ್ತದೆ. ಕುಮಾರವ್ಯಾಸನನ್ನು ಕೇಳಿ ಬೆಳೆದ ಅಭ್ಯಾಸ ಅದು. ಚೀನೀ ಪದ್ಯದಲ್ಲಿ ಪ್ರಾಸ ಇರುವುದು ಸಾಲಿನ ತುದಿಯಲ್ಲಿ, ಅದೂ 2, 4, 6, 8ನೆಯ ಸಾಲುಗಳಲ್ಲಿ. ಅಲ್ಲಿ ಹುಡುಕಿದರೂ ಕೆಲವೊಮ್ಮೆ ಸಿಗದು. ಅದಕ್ಕೆ ಕಾರಣವಿದೆ.

ದು ಫು (712–770) 757ರಲ್ಲಿ ಬರೆದ ‘ಚುನ್ ವಾಂಗ್’ (ವಸಂತದ ನೋಟ) ಪದ್ಯ ತೆಗೆದುಕೊಳ್ಳಿ. ಸೇನಾಪತಿ ಅನ್ ಲುಷಾನ್ ಎಬ್ಬಿಸಿದ ದಂಗೆಯಲ್ಲಿ ರಾಜಧಾನಿ ಚಾಂಗಾನ್, ಅಂದರೆ ಇಂದಿನ ಶಿಆನ್, ಬಂಡುಕೋರರ ಕೈಸೇರಿತ್ತು. ಕವಿ ಊರೊಳಗೆ ಸಿಕ್ಕಿಬಿದ್ದಿದ್ದ, ಹೆಂಡತಿ ಮಕ್ಕಳು ದೂರದಲ್ಲಿದ್ದರು. ಪದ್ಯದ ಬಗೆ ‘ಲ್ಯೂಷಿ’: 8 ಸಾಲು, ಸಾಲಿಗೆ 5 ಅಕ್ಷರ, ಒಟ್ಟು 40. ಸಾಲಿಗೆ 7 ಆದರೆ 56. ನಾಲ್ಕೇ ಸಾಲಿನದು ‘ಜುಯೆಜು’. ಐದಕ್ಷರದ ಸಾಲಿನಲ್ಲಿ ಎರಡರ ನಂತರ ತುಸು ನಿಲ್ಲಬೇಕು, ಏಳಕ್ಷರದ್ದರಲ್ಲಿ ನಾಲ್ಕರ ನಂತರ.

ಎಂಟು ಸಾಲೆಂದರೆ ನಾಲ್ಕು ಜೋಡಿ. ನಡುವಿನ ಎರಡು ಜೋಡಿಗಳಲ್ಲಿ ಪದಗಳು ಎದುರುಬದುರು ಕೂರಲೇಬೇಕು: ನಾಮಪದಕ್ಕೆ ನಾಮಪದ, ಕ್ರಿಯೆಗೆ ಕ್ರಿಯೆ, ಸಂಖ್ಯೆಗೆ ಸಂಖ್ಯೆ. ಮೂರನೆಯ ಜೋಡಿ ನೋಡಿ: ‘ಫೆಂಗ್ ಹುವೊ ಲಿಯನ್ ಸಾನ್ ಯುಯೆ, ಜಿಯಾ ಶು ದಿ ವಾನ್ ಜಿನ್’. ಕಾವಲುಗೋಪುರದ ಬೆಂಕಿ ಮೂರು ತಿಂಗಳಿಂದ ಆರಿಲ್ಲ. ಮನೆಯ ಕಾಗದಕ್ಕೆ ಹತ್ತು ಸಾವಿರ ಚಿನ್ನದ ಬೆಲೆ. ಬೆಂಕಿಯ ಎದುರು ಕಾಗದ, ಮೂರರ ಎದುರು ಹತ್ತು ಸಾವಿರ, ತಿಂಗಳ ಎದುರು ಚಿನ್ನ. ‘ಆದ್ದರಿಂದ’ ಎಂಬ ಮಾತು ಎಲ್ಲೂ ಇಲ್ಲ, ಆದರೂ ಕಾಗದ ಯಾಕೆ ಬರುತ್ತಿಲ್ಲವೆಂದು ಬೆಂಕಿಯ ಸಾಲೇ ಹೇಳಿಬಿಟ್ಟಿದೆ. ಕನ್ನಡಕ್ಕೆ ತರುವವರು ಎಡವುವುದು ಇಲ್ಲೇ. ಎರಡು ಸಾಲನ್ನು ಹೊಸೆದು ಒಂದೇ ವಾಕ್ಯ ಮಾಡಿದರೆ ಪದ್ಯ ಹೋಗಿ ವರದಿ ಉಳಿಯುತ್ತದೆ.

ಇನ್ನು ಸ್ವರದ ಲೆಕ್ಕ. ಇಲ್ಲಿ ಸ್ವರವೆಂದರೆ ಅಕ್ಷರ ನುಡಿಯುವಾಗ ದನಿ ಏರಿಳಿಯುವ ಬಗೆ. ನಮಗೆ ಲಘು, ಗುರು ಇದ್ದಂತೆ ಅವರಿಗೆ ಸಮ (ಪಿಂಗ್), ವಕ್ರ (ಝೆ) ಎಂದು ಎರಡು ವರ್ಗ. ಸಾಲಿನ 2ನೆಯ ಮತ್ತು 4ನೆಯ ಅಕ್ಷರ ಬೇರೆ ಬೇರೆ ವರ್ಗಕ್ಕೆ ಸೇರಿರಬೇಕು. ಜೋಡಿಯ ಎರಡನೆಯ ಸಾಲಿನಲ್ಲಿ ಅದು ತಿರುವುಮುರುವು. ಮುಂದಿನ ಜೋಡಿಯ ಮೊದಲ ಸಾಲಿನ 2ನೆಯ ಅಕ್ಷರ ಮತ್ತೆ ಹಿಂದಿನ ಸಾಲಿನದೇ ವರ್ಗ. 1 ಮತ್ತು 3ನೆಯ ಅಕ್ಷರಗಳಿಗೆ ತುಸು ಸಡಿಲ ಉಂಟು. ಸರ್ಕಾರಿ ಹುದ್ದೆಯ ಜಿನ್‌ಶಿ ಪರೀಕ್ಷೆಗೂ ಆಗ ನಿಯಮಬದ್ಧ ಪದ್ಯ ಕಟ್ಟಬೇಕಿತ್ತು. ದು ಫು ಅದರಲ್ಲಿ ಪಾಸಾಗಲಿಲ್ಲ ಎಂಬುದು ಪರೀಕ್ಷೆಯ ಬಗ್ಗೆ ಏನನ್ನೋ ಹೇಳುತ್ತದೆ.

ಇಂದಿನ ಮ್ಯಾಂಡರಿನ್‌ನ 1, 2ನೆಯ ಸ್ವರ ಸಮ, 3, 4ನೆಯದು ವಕ್ರ ಎಂದು ಗುರುತು ಹಾಕುತ್ತ ಹೊರಟರೆ ಈ ಪದ್ಯದ ಮೊದಲ ಅಕ್ಷರದಲ್ಲೇ ಲೆಕ್ಕ ತಪ್ಪುತ್ತದೆ. ‘ಗುವೊ’ ಈಗ 2ನೆಯ ಸ್ವರ. ತಾಂಗ್ ಕಾಲದಲ್ಲಿ ಅದು ಕಕಾರಕ್ಕೆ ನಿಲ್ಲುವ ವಕ್ರಸ್ವರ. ಪ್, ತ್, ಕ್‌ಗಳಿಗೆ ಮುಗಿಯುವ ಆ ಬಗೆಯೇ ಮ್ಯಾಂಡರಿನ್‌ನಲ್ಲಿ ಅಳಿದಿದೆ. ದಕ್ಷಿಣ ಚೀನಾದ ನುಡಿಯಾದ ಕ್ಯಾಂಟನೀಸ್‌ನಲ್ಲಿ ಉಳಿದಿದೆ, ಅಲ್ಲಿ ಈ ಅಕ್ಷರ ‘ಗ್ವೋಕ್’. ಪ್ರಾಸಕ್ಕೂ ಇದೇ ಗತಿ. ಪ್ರಾಸದ ನಾಲ್ಕು ಅಕ್ಷರ ಮ್ಯಾಂಡರಿನ್‌ನಲ್ಲಿ ‘ಶೆನ್, ಶಿನ್, ಜಿನ್, ಝಾನ್’. ಕೊನೆಯದು ಹೊಂದುವುದೇ ಇಲ್ಲ. ಕ್ಯಾಂಟನೀಸ್‌ನಲ್ಲಿ ‘ಸಮ್, ಸಮ್, ಗಮ್, ಝಾಮ್’: ನಾಲ್ಕೂ ಮಕಾರಕ್ಕೆ ಬಂದು ನಿಲ್ಲುತ್ತವೆ.

ಪಕ್ಕದ ಮನೆಯಲ್ಲಿ ಕ್ಯಾಂಟನೀಸ್ ಆಡುವ ಹಿರಿಯರಿದ್ದರೆ ಅವರಿಂದ ಒಮ್ಮೆ ಓದಿಸಿ ಕೇಳಿ. ಶಾಲೆಯಲ್ಲಿ ಮಾತ್ರ ಮಗು ಟೀಚರ್ ಹೇಳಿಕೊಟ್ಟ ಉಚ್ಚಾರಣೆಯನ್ನೇ ಒಪ್ಪಿಸಲಿ, ಅಂಕ ಅದಕ್ಕೇ.

‘ಚುನ್ ವಾಂಗ್’ ಭಾರವೆನಿಸಿದರೆ ಕೊಕ್ಕರೆ ಗೋಪುರ ಹತ್ತುವ ವಾಂಗ್ ಝಿಹುವಾನ್‌ನ ಪದ್ಯದಿಂದ ಶುರುಮಾಡಿ: 20 ಅಕ್ಷರ, ಎರಡೂ ಜೋಡಿ ಎದುರುಬದುರು ಕೂತಿವೆ. ಎಲ್ಲ ಮಕ್ಕಳಿಗೂ ಬರುವ ಲಿ ಬಾಯ್‌ನ ಬೆಳದಿಂಗಳ ಪದ್ಯ ಹಳೆಯ ಸಡಿಲ ಬಗೆಯದು. ಅದರಲ್ಲಿ ಈ ಸ್ವರದ ಲೆಕ್ಕ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.