ಭಾನುವಾರದ ತರಗತಿ ಸಮಯದ ಬಗ್ಗೆ, ಸಾಕರ್ ಕ್ಲಬ್ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಭಾನುವಾರದ ಕನ್ನಡ ತರಗತಿಯನ್ನು ಬೆಳಿಗ್ಗೆ 10ರ ಬದಲು ಮಧ್ಯಾಹ್ನ 2ಕ್ಕೆ ಹಾಕಿದ್ದು ಹಲವರಿಗೆ ಹಿಡಿಸಿಲ್ಲ. ಊಟ ಆದಮೇಲೆ ಮಕ್ಕಳು ತೂಕಡಿಸುತ್ತಾರೆ ಅನ್ನೋ ಮಾತು ನಿಜ. ಅದಕ್ಕೇ ಮೊದಲ ಅರ್ಧ ಗಂಟೆ ಹಾಡು, ಕಥೆ ಇಟ್ಟಿದ್ದೇವೆ. ತರಗತಿ ಮೊದಲಿನಂತೆ ಎರಡು ಗಂಟೆಯೇ. ಒಂದು ನಿಮಿಷವೂ ಕಡಿಮೆಯಾಗಿಲ್ಲ. ಸಮಯ ಬದಲಿಸಿದ್ದು ಯಾಕೆಂದರೆ, ನಮ್ಮ ಮಕ್ಕಳು ಆಡುವ ಸಾಕರ್ (ಫುಟ್‌ಬಾಲ್) ಕ್ಲಬ್ಬಿನ ಚಳಿಗಾಲದ ಪಂದ್ಯಗಳು ಭಾನುವಾರ ಬೆಳಿಗ್ಗೆಯೇ ಇರುತ್ತವೆ. ಎರಡರಲ್ಲಿ ಒಂದನ್ನು ಬಿಡಿ ಅಂದರೆ ಮಕ್ಕಳು ಕನ್ನಡವನ್ನೇ ಬಿಡುತ್ತಾರೆ.

ಆದರೆ ಕೆಲವರ ಪ್ರಶ್ನೆ ಸಮಯದ್ದಲ್ಲ. "ಆಟ ಆಡಲಿ ಮೇಡಂ, ಆದರೆ ಆ ಕ್ಲಬ್ಬಿಗೇ ಯಾಕೆ?" ಅಂತ ಕೇಳಿದ್ದೀರಿ.

ಮೆಲ್ಬರ್ನಿನ ಈ ಪಶ್ಚಿಮದ ಬಡಾವಣೆಗಳಿಗೆ ನಾವು ಬಂದ ಹಾಗೇ ಆ ಕ್ಲಬ್ ಕಟ್ಟಿದವರೂ ಬಂದವರು. ದಕ್ಷಿಣ ಸುಡಾನ್, ಇಥಿಯೋಪಿಯಾದ ನಾಲ್ಕಾರು ಮನೆಯವರು. ಬೇರೆ ಕ್ಲಬ್ಬುಗಳ ಫೀಸು ಕಟ್ಟೋದು ಕಷ್ಟ ಅಂತ ಪಾರ್ಕಿನಲ್ಲಿ ಒಂದೇ ಚೆಂಡಿಟ್ಟುಕೊಂಡು ಶುರು ಮಾಡಿದರು. ಆಮೇಲೆ ಸಂಘ ನೋಂದಾಯಿಸಿದರು, ಕೌನ್ಸಿಲ್ಲಿಗೆ ಅಲೆದು ಮೈದಾನ ಪಡೆದರು. ನಮ್ಮ ಶಾಲೆ ಒಬ್ಬರ ಗ್ಯಾರೇಜಿನಲ್ಲಿ ಶುರುವಾಗಿದ್ದು ನೆನಪಿದೆ ಅಲ್ವಾ? ಈ ದೇಶದ ಸಾಕರ್ ಬೆಳೆದದ್ದೇ ಹೀಗೆ. 1950ರ ದಶಕದಲ್ಲಿ ಗ್ರೀಸ್, ಇಟಲಿ, ಕ್ರೊಯೇಷಿಯಾದಿಂದ ಬಂದವರು ತಮ್ಮ ತಮ್ಮ ಕ್ಲಬ್ ಕಟ್ಟಿಕೊಂಡರು. ಈ ಕ್ಲಬ್ಬಿನವರು ತಮ್ಮವರಿಗೆ ಮಾತ್ರ ಅಂತ ಕಟ್ಟಲಿಲ್ಲ. ಅಕ್ಕಪಕ್ಕದ ಯಾವ ಮಗು ಬಂದರೂ ಸೇರಿಸಿಕೊಂಡರು, ನಮ್ಮ ಮಕ್ಕಳನ್ನೂ.

ನಾನು ಎರಡು ಭಾನುವಾರ ಹೋಗಿ ನಿಂತು ನೋಡಿದೆ. ಗೇಟಿನ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ, ಅದರ ತುಂಬ ಹಳೇ ಬೂಟು. ಚಿಕ್ಕದಾಗಿದ್ದನ್ನು ಅದರಲ್ಲಿ ಹಾಕೋದು, ಕಾಲಿಗೆ ಆಗೋದನ್ನು ತೊಗೊಳ್ಳೋದು. ದುಡ್ಡಿನ ಮಾತೇ ಇಲ್ಲ. ತರಗತಿಯಲ್ಲಿ ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಹುಡುಗಿಯೊಬ್ಬಳು, ಮೈದಾನದ ಆ ಕಡೆಯಿಂದ "ಇಲ್ಲಿ ಕೊಡೋ, ಇಲ್ಲಿ!" ಅಂತ ಕೂಗಿದಳು. ದಕ್ಷಿಣ ಸುಡಾನಿನ ಹುಡುಗ "ತಗೋ!" ಅಂತ ಚೆಂಡು ಒದ್ದ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ, ನಾನೂ ತಾಯಿ. 2018ರ ವಿಕ್ಟೋರಿಯಾ ರಾಜ್ಯ ಚುನಾವಣೆ ಹೊತ್ತಿಗೆ ಟಿವಿಯಲ್ಲಿ ದಿನಾ "ಆಫ್ರಿಕನ್ ಗ್ಯಾಂಗ್" ಅಂತ ಬರುತ್ತಿತ್ತು. ಅದು ಮನಸ್ಸಿನಲ್ಲಿ ಕೂತಿದೆ. ಆದರೆ ಅದನ್ನು ಹತ್ತು ವರ್ಷದ ಮಗುವಿನ ತಲೆಗೆ ಕಟ್ಟೋದು ಸರಿಯಲ್ಲ. ನಮ್ಮ ಮಕ್ಕಳನ್ನು ಯಾರಾದರೂ ಹಾಗೆ ನೋಡಿದರೆ ಸುಮ್ನೆ ಇರ್ತೀವಾ? ಆಸ್ಟ್ರೇಲಿಯಾ ಪರ ಆಡಿದ, ದಕ್ಷಿಣ ಸುಡಾನ್ ಮೂಲದ ಅವೆರ್ ಮಾಬಿಲ್ ಹುಟ್ಟಿದ್ದು ಕೆನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ. 2022ರಲ್ಲಿ ಪೆರು ಎದುರಿನ ಪೆನಾಲ್ಟಿ ಶೂಟೌಟಿನಲ್ಲಿ ಅವರೂ ಗೋಲು ಹೊಡೆದರು, ಆಸ್ಟ್ರೇಲಿಯಾ ವಿಶ್ವಕಪ್ಪಿಗೆ ಹೋಯಿತು. ಅವತ್ತು ನಾವೆಲ್ಲ ಖುಷಿಪಟ್ಟವರೇ.

ಮತ್ತೆ ಹೇಳುತ್ತೇನೆ, ಸುರಕ್ಷತೆಯಲ್ಲಿ ರಾಜಿ ಇಲ್ಲ. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲಿಸಿ ಸರ್ಕಾರ ಕೊಡುವ, ನಮ್ಮ ಶಿಕ್ಷಕರ ಹತ್ತಿರ ಇರುವ ವರ್ಕಿಂಗ್ ವಿತ್ ಚಿಲ್ಡ್ರನ್ ಕಾರ್ಡೇ ಅಲ್ಲಿನ ಕೋಚ್‌ಗಳ ಹತ್ತಿರವೂ ಇದೆ. ನಾನೇ ಒಂದೊಂದನ್ನೂ ನೋಡಿದ್ದೇನೆ. ಕ್ಲಬ್ಬಿಗೆ ಕಳಿಸಲೇಬೇಕು ಅಂತ ಯಾರಿಗೂ ಬಲವಂತವಿಲ್ಲ. ಕಳಿಸದಿದ್ದರೆ ನನಗೆ ಬೇಜಾರೂ ಇಲ್ಲ. ತರಗತಿಯ ಸಮಯ ಮಾತ್ರ ಸೆಪ್ಟೆಂಬರ್ ಕೊನೆಯವರೆಗೆ ಇದೇ.

ಆಟ ಮುಗಿದ ಮೇಲೆ ಮಗುವನ್ನು ತರಗತಿಗೆ ಯಾರು ಕರೆತರುತ್ತಾರೆ ಅಂತ ಹಳದಿ ಫಾರಂನಲ್ಲಿ ಬರೆದು, ಸಹಿ ಹಾಕಿ ಮುಂದಿನ ಭಾನುವಾರ ಕಳಿಸಿ.

ನಿಮ್ಮ,
ಮುಖ್ಯ ಶಿಕ್ಷಕಿ

ವಿ.ಸೂ.: ಮನೆಯಲ್ಲಿ ಚಿಕ್ಕದಾದ ಬೂಟು ಇದ್ದರೆ ಫಾರಂ ಜೊತೆ ಕೊಡಿ, ಡಬ್ಬಕ್ಕೆ ನಾನು ತಲುಪಿಸುತ್ತೇನೆ.